ದೆವ್ವದ ಟೈಟಲ್ ಕಾರ್ಡು

ಭೀಮರಾಜ್‌ಗೆ ತೊಂದರೆ ಶುರುವಾದದ್ದು ಎಂಟು ಹೆಸರುಗಳಿಂದ. ಅವನ ಹತ್ತಿರ ಇದ್ದದ್ದು ಒಂದೇ ಹೆಸರು, ಅದೂ ತನ್ನದೇ.

ಅರಸೀಕೆರೆಯ ಲೈಬ್ರರಿಯೊಂದರಲ್ಲಿ ಗುಮಾಸ್ತನಾಗಿದ್ದ ಈ ನಲವತ್ತೆಂಟರ ಬ್ರಹ್ಮಚಾರಿ ಭಾನುವಾರದ ಸಿನಿಮಾ ಕೋರ್ಸಿಗೆ ಸೇರಿದ್ದು ಸಿನಿಮಾದ ಹುಚ್ಚಿನಿಂದಲ್ಲ. ಲೈಬ್ರರಿಯಲ್ಲಿ ಮಾತಾಡುವಂತಿಲ್ಲ, ಮನೆಯಲ್ಲಿ ಮಾತಾಡಲು ಜನವಿಲ್ಲ, ಬಾಯಿಗೆ ಒಂದಿಷ್ಟು ಕೆಲಸ ಸಿಗಲಿ ಎಂದು ಸೇರಿದ್ದ. ಆದರೆ ತರಗತಿಯವರೆಲ್ಲ ಇಪ್ಪತ್ತರ ಆಸುಪಾಸಿನವರು. ಅವನನ್ನು ‘ಅಂಕಲ್’ ಎಂದು ಕರೆದು ಗೌರವದಿಂದಲೇ ದೂರ ಇಟ್ಟಿದ್ದರು.

ಹೇಮಾಶ್ರೀ ಮೇಡಂ ಒಂದು ಕೆಲಸ ಕೊಟ್ಟಿದ್ದರು. ಇನ್ನೂ ಹುಟ್ಟದ ಸಿನಿಮಾಕ್ಕೆ ಒಂದು ನಿಮಿಷದ ಟೈಟಲ್ ಮಾಡಬೇಕು. “ಹೆಸ್ರು ಓಡೋವಾಗ್ಲೇ ಇದು ಯಾವ ಥರದ ಸಿನಿಮಾ ಅಂತ ಗೊತ್ತಾಗ್ಬೇಕು. ದೆವ್ವ ಬರೋ ಮುಂಚೆ ದೆವ್ವದ ವಾಸನೆ ಬರ್ಬೇಕು. ಕಡಿಮೆ ಅಂದ್ರೂ ಎಂಟು ಜನದ ಹೆಸ್ರಿರ್ಲಿ, ಸಿನಿಮಾ ಒಬ್ಬರ ಕೆಲಸ ಅಲ್ಲ. ಶನಿವಾರ ಸಂಜೆ ಆರಕ್ಕೆ ವಾಟ್ಸಾಪ್ ಗುಂಪಿಗೆ ಹಾಕಿ” ಎಂದಿದ್ದರು. ಚೆನ್ನಾಗಿ ಮಾಡಿದವರನ್ನು ಶಿಲ್ಪಶ್ರೀ ಎಂಬ ಚುರುಕು ಹುಡುಗಿಯ ತಂಡ ತನ್ನ ಕಿರುಚಿತ್ರಕ್ಕೆ ಸೇರಿಸಿಕೊಳ್ಳಲಿತ್ತು. ತಂಡವೆಂದರೆ ಮೂರು ತಿಂಗಳು ಜೊತೆಗೆ ಓಡಾಟ, ಜೊತೆಗೆ ಜಗಳ, ಜೊತೆಗೆ ಟೀ. ಭೀಮರಾಜ್‌ಗೆ ಬೇಕಾಗಿದ್ದದ್ದು ಆ ಟೀ.

ಅವನು ದೆವ್ವದ ಸಿನಿಮಾವನ್ನೇ ಆರಿಸಿಕೊಂಡ. ಅದಕ್ಕೆ ಜನ ಬೇಡ. ಖಾಲಿ ಜಾಗ, ಕಿರ್ ಎನ್ನುವ ಬಾಗಿಲು, ಮುಖ ಕಾಣದ ಎರಡು ಕಾಲು, ನಡುಗುವ ಅಕ್ಷರ, ಇಷ್ಟಾದರೆ ಸಾಕು. ಖಾಲಿ ಜಾಗದ ವಿಷಯದಲ್ಲಿ ಅವನಿಗೆ ಅನುಭವವೂ ಇತ್ತು.

ಶನಿವಾರ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತಿ, ಅಲ್ಲಿಂದ ಆಟೋದಲ್ಲಿ ಹುಲಿಕೆರೆಯ ಕೊಳಕ್ಕೆ ಬಂದಿಳಿದ. ಸುತ್ತ ಕಲ್ಲಿನ ಮೆಟ್ಟಿಲು, ಪುಟ್ಟ ಗುಡಿಗಳು, ಕೆಳಗೆ ಹಸಿರು ನೀರು. ನರಪಿಳ್ಳೆ ಇರಲಿಲ್ಲ. ಬೇಕಾದದ್ದು ಇನ್ನು ಎರಡು ಕಾಲು, ಒಂದು ಬಾಗಿಲು ಮಾತ್ರ. ಆಗ ಅತ್ತ ಬಂದ ಲಕ್ಕಮ್ಮ ಎಂಬಾಕೆಯನ್ನು ಮಾತಾಡಿಸಿದ.

“ಅಮ್ಮ, ಬಿಳೀ ಸೀರೆ ಉಟ್ಕೊಂಡು ಕೂದ್ಲು ಬಿಟ್ಕೊಂಡು ನಾಕು ಮೆಟ್ಲು ಇಳೀತೀರಾ?”

“ಬಿಳೀ ಸೀರೆನಾ? ನನ್ ಗಂಡ ಇನ್ನೂ ಗುಂಡ್ಕಲ್ಲಂಗವ್ನೆ ಕಣಪ್ಪಾ!” ಎಂದು ಲಕ್ಕಮ್ಮ ಕೂಗಿದ ಕೂಗಿಗೆ ಗುಂಡುಕಲ್ಲಿನಂಥ ಗಂಡ ಗಂಗಯ್ಯ ಬಂದ. ಅವನ ಹಿಂದೆ ಸೊಸೆ ಮಂಜುಳಾ, ಗೂಡ್ಸ್ ಗಾಡಿಯ ತಮ್ಮಯ್ಯ, ಇನ್ನೂ ಒಂದಷ್ಟು ಜನ ಬಂದರು. ಅರ್ಧ ಗಂಟೆಯಲ್ಲಿ ದೆವ್ವದ ಮೆಟ್ಟಿಲ ಮೇಲೆ ಬೀಗರೂಟದ ಪಂಕ್ತಿಯಂತೆ ಜನ ಕೂತಿದ್ದರು.

“ಸಿನಿಮಾದಾಗೆ ನಮ್ ಹೆಸ್ರು ಬತ್ತದಾ ಸಾ?” ಎಂದು ಗಂಗಯ್ಯ ಕೇಳಿದ.

ಭೀಮರಾಜ್‌ನ ಮುಖ ಅರಳಿತು. ಎಂಟು ಹೆಸರಿಗಾಗಿ ಆರು ದಿನದಿಂದ ನಿದ್ದೆ ಕೆಟ್ಟಿದ್ದವನು ಅವನು. “ಬರುತ್ತೆ. ಎಂಟು ಜನ ಬೇಕು” ಎಂದುಬಿಟ್ಟ.

ಕೆಟ್ಟದ್ದು ಅಲ್ಲೇ. ಗಂಗಯ್ಯ ಆ ಊರಿನ ಲಗ್ನಪತ್ರಿಕೆಗಳನ್ನೆಲ್ಲ ಬರೆದುಕೊಡುವ ಮನುಷ್ಯ. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರನ್ನು ಬಿಟ್ಟರೆ ಯಾರು ಮದುವೆಗೆ ಬರುವುದಿಲ್ಲ ಎಂಬ ಶಾಸ್ತ್ರ ಅವನಿಗೆ ಬಾಯಿಪಾಠ. ಹಾಳೆ, ಪೆನ್ನು ತರಿಸಿ ಕೂತೇಬಿಟ್ಟ.

“ಇದ್ರಾಗೆ ದೊಡ್ಡದ್ಯಾವ್ದು ಸಾ?”

“ನಿರ್ದೇಶನ. ಅದು ಕೊನೇಲಿ ಬರುತ್ತೆ.”

“ಹಿರೀಕನ್ನ ಕೊನೇಗಾಕ್ತಾರಾ? ಮೊದ್ಲು ಹಾಕಿ. ನಿರ್ದೇಶನ, ಗಂಗಯ್ಯ.”

“ನಮ್ಮಪ್ಪುನ್ ಹೆಸ್ರಿಲ್ದಿದ್ರೆ ನಾನು ಗಾಡಿ ಬಾಗ್ಲು ಮುಟ್ಟಾಕಿಲ್ಲ” ಎಂದ ತಮ್ಮಯ್ಯ. ಕಿರ್ ಎನ್ನುವ ಬಾಗಿಲು ಇದ್ದದ್ದು ಅವನ ಗಾಡಿಗೆ ಮಾತ್ರ.

“ನಿಮ್ಮಪ್ಪ ಎಲ್ಲಿದ್ದಾರೆ?”

“ಹೋಗಿ ಆರೊರ್ಸ ಆಯ್ತು. ಗಾಡಿ ಅವ್ರುದು, ಕಿರ್ ಅನ್ನೋದೂ ಅವ್ರುದೇ.”

ಗಂಗಯ್ಯ ದುಂಡಗೆ ಬರೆದ: ಧ್ವನಿ, ದಿವಂಗತ ಬೋರಯ್ಯ.

ಹೀಗೆ ಎಂಟು ಹೆಸರು ಹದಿನಾಲ್ಕಾದವು. ಲಕ್ಕಮ್ಮ ಗಿಳಿಹಸಿರು ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು, ದೆವ್ವವಾಗಲು ಬಂದಳು. ಮೂರು ಸಲ ಮೆಟ್ಟಿಲಿಳಿದು ಮೂರು ಸಲವೂ ಕ್ಯಾಮೆರಾಕ್ಕೆ ಕೈ ಮುಗಿದಳು. ಕೊನೆಗೆ ಭೀಮರಾಜ್ ಬರೀ ಪಾದವನ್ನು ಕ್ಯಾಮೆರಾದಲ್ಲಿ ಹಿಡಿದು, ಕಪ್ಪು ಬಿಳುಪು ಮಾಡಿ, ಬೆಳಕು ಇಳಿಸಿದ. ಮಟಮಟ ಮಧ್ಯಾಹ್ನ ಅಮಾವಾಸ್ಯೆಯಾಯಿತು. ಮಂಜುಳಾ ಮುದ್ದೆ ಬಡಿಸಿದಳು. ಬಹಳ ದಿನದ ಮೇಲೆ ನಾಲ್ಕು ಜನರ ನಡುವೆ ಕೂತು ಉಂಡ ಭೀಮರಾಜ್ ಕಣ್ಣೊರೆಸಿಕೊಂಡ. ಸಾರು ಖಾರ ಎಂದು ಸುಳ್ಳು ಹೇಳಿದ.

ಹೆಸರುಗಳನ್ನು ಹಾಳೆ ನೋಡಿಕೊಂಡು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ. ಗಂಗಯ್ಯ ಲಗ್ನಪತ್ರಿಕೆ ಅಚ್ಚಿಗೆ ಕಳಿಸುವ ಮುಂಚೆ ಕೇಳುವಂತೆಯೇ ಕೇಳಿದ: “ಸರ್ಯಾಗಿ ನೋಡಿ ಸಾ, ಯಾರಾದ್ರೂ ಬಿಟ್ಟೋದ್ರಾ? ಆಮ್ಯಾಕೆ ಮುನಿಸ್ಕೊಂಡ್ರೆ ಕಷ್ಟ.”

ಭೀಮರಾಜ್ ಮೆಟ್ಟಿಲ ಮೇಲಿನ ತಲೆಗಳನ್ನೆಲ್ಲ ಒಂದೊಂದಾಗಿ ಎಣಿಸಿದ. “ಇಲ್ಲ ಗಂಗಯ್ಯನೋರೆ, ಎಲ್ರೂ ಬಂದ್ರು.” ಸಿನಿಮಾ ಬಂದಾಗ ತಿಳಿಸಲೆಂದು ಗಂಗಯ್ಯ ತನ್ನ ನಂಬರ್ ಕೊಟ್ಟು, ಅವನದನ್ನು ‘ಸಿನಿಮಾ ಸಾ’ ಎಂದು ಫೋನಿನಲ್ಲಿ ಇಟ್ಟುಕೊಂಡ.

ಆರಕ್ಕೆ ಐದು ನಿಮಿಷವಿರುವಾಗ ಹಳೇಬೀಡು ಬಸ್ ನಿಲ್ದಾಣದಿಂದ ವೀಡಿಯೊ ಕಳಿಸಿ ಅರಸೀಕೆರೆ ಬಸ್ಸು ಹತ್ತಿದ. ಬಸ್ಸು ಊರು ದಾಟುವುದರೊಳಗೆ ಗುಂಪಿನಲ್ಲಿ ಚಪ್ಪಾಳೆಗಳು ಸುರಿದವು.

“ಮೈ ಜುಮ್ಮೆಂದಿತು” ಎಂದು ಮೇಡಂ ಬರೆದಿದ್ದರು. “ನಿರ್ದೇಶಕರ ಹೆಸರನ್ನು ಮೊದಲೇ ಹಾಕಿ ನಿಯಮ ಮುರಿದಿದ್ದಾರೆ. ಸತ್ತವರಿಂದ ಧ್ವನಿ ಕೊಡಿಸಿದ್ದಂತೂ ಅದ್ಭುತ. ಆದರೆ ಭೀಮರಾಜ್ ಅವರೇ, ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ? ಬೇರೆಯವರದನ್ನು ಫಾರ್ವರ್ಡ್ ಮಾಡಿದ್ದೀರಾ?”

ಭೀಮರಾಜ್ ವೀಡಿಯೊ ಮತ್ತೆ ನೋಡಿದ. ಹದಿನಾಲ್ಕು ಹೆಸರು ನಡುಗುತ್ತ ಬಂದು ನಡುಗುತ್ತ ಹೋದವು. ಅವನದಿರಲಿಲ್ಲ. ಗಂಗಯ್ಯ ಬಿಟ್ಟದ್ದಲ್ಲ, ಊರವರು ಬಿಟ್ಟದ್ದಲ್ಲ. ತಲೆ ಎಣಿಸುವಾಗ ಅವನೇ ತನ್ನನ್ನು ಬಿಟ್ಟಿದ್ದ. ಒಬ್ಬನೇ ಇದ್ದು ಇದ್ದು ತನ್ನನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸವೇ ತಪ್ಪಿಹೋಗಿತ್ತು.

“ನಾನೇ ಮಾಡಿದ್ದು” ಎಂದು ಬರೆದ. ಉತ್ತರವಾಗಿ ನಗುವ ಮುಖಗಳು ಬಂದವು.

“ಅಂಕಲ್ ಸಖತ್ ಜೋಕ್ ಮಾಡ್ತೀರಾ” ಎಂದಳು ಶಿಲ್ಪಶ್ರೀ. “ನಮ್ ಟೀಮಿಗೆ ಇದನ್ನ ಮಾಡ್ದವ್ರೇ ಬೇಕು. ಡೈರೆಕ್ಟರ್ ಗಂಗಯ್ಯ ಸರ್ ನಂಬರ್ ಕೊಡಿ ಪ್ಲೀಸ್.”

ಕೊಡದೆ ಇರಬಹುದಿತ್ತು. ಆದರೆ ಆ ಹುಡುಗರಲ್ಲಿ ಯಾರಾದರೂ ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಕೊಟ್ಟ.

ಬಸ್ಸು ಅರಸೀಕೆರೆ ಮುಟ್ಟುವ ಹೊತ್ತಿಗೆ ಫೋನ್ ಬಂತು.

“ಸಾ, ನಾನು ಗಂಗಯ್ಯ. ಯಾವ್ದೋ ಹೆಣ್ಮಗು ಫೋನ್ ಮಾಡಿತ್ತು. ಮೂರ್ ತಿಂಗ್ಳು ಬಂದು ಕುತ್ಕೋಬೇಕಂತೆ, ಟೀ ಗೀ ಎಲ್ಲಾ ಅವ್ರೇ ಕೊಡ್ತಾರಂತೆ. ಬತ್ತೀನಿ ಅಂದೆ. ಲಕ್ಕಮ್ಮನ್ನೂ ಕರೆದವ್ರೆ. ನೀವೂ ಅಲ್ಲಿರ್ತೀರಲ್ವಾ?”

“ಇಲ್ಲ ಗಂಗಯ್ಯನೋರೆ. ನನ್ನ ಕರೆದಿಲ್ಲ.”

“ಅಯ್ಯೋ, ಅದೆಂಗೆ! ಇರಿ ಸಾ, ನಾನೇ ಹೇಳ್ತೀನಿ. ನಿರ್ದೇಶಕ್ರು ಹೇಳಿದ್ ಮಾತು ತೆಗೆದಾಕಾಕಾಯ್ತದಾ?”

ಭೀಮರಾಜ್‌ಗೆ ಜೀವ ಬಂದಂತಾಯಿತು. ಆ ಕಡೆ ಪೆನ್ನು, ಹಾಳೆ ಹುಡುಕುವ ಸದ್ದು ಕೇಳಿಸಿತು.

“ಬರ್ಕೊತೀನಿ, ಹೇಳಿ. ನಿಮ್ ಹೆಸ್ರೇನ್ ಸಾ?”

ಅವನು ಬಾಯಿ ತೆರೆಯುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯಿತು.