ಲಿಂಡ್‌ಗ್ರೆನ್ ಊರಿನ ಒಂದೇ ಒಂದು ‘ಬೇಡ’

ಆಲ್ವಿನ್ ಕುಚೆರಾನ ಗ್ರಹಚಾರ ಕೆಡಿಸಿದ್ದು ಒಂದು ಅಂಕಿ. ಅದೂ ಅಂಕಿಗಳಲ್ಲೆಲ್ಲ ಬಡಪಾಯಿಯಾದ ‘ಒಂದು’.

ಚುನಾವಣೆಯ ಮಾರನೆಯ ಬೆಳಗ್ಗೆ ಲಿಂಡ್‌ಗ್ರೆನ್ ಅಂಚೆ ಕಚೇರಿಯ ಬಾಗಿಲಿಗೆ ಫಲಿತಾಂಶದ ಹಾಳೆ ಅಂಟಿಸಿದ್ದರು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಒಬ್ಬರನ್ನು ಕಳಿಸುವ ನೆಬ್ರಾಸ್ಕಾದ ಆ ಕ್ಷೇತ್ರ ಎಷ್ಟು ಉದ್ದವೆಂದರೆ, ಅಭ್ಯರ್ಥಿಗಳು ಒಂದು ತುದಿಯಲ್ಲಿ ಕೊಟ್ಟ ಮಾತು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಅವರಿಗೇ ಮರೆತುಹೋಗುತ್ತಿತ್ತು. ಅದರಲ್ಲಿ ಲಿಂಡ್‌ಗ್ರೆನ್ ಪಾಲು ಬರೀ ನೂರನಲವತ್ತನಾಲ್ಕು ವೋಟು. ಹಾಳೆಯ ಮೇಲುಗಡೆ ಕಾಂಗ್ರೆಸ್ ಸೀಟಿನ ಲೆಕ್ಕ: ದನ ಸಾಕುವವನಿಗೆ ಎಪ್ಪತ್ತಮೂರು, ವಕೀಲಮ್ಮನಿಗೆ ಎಪ್ಪತ್ತೊಂದು. ಇವರಿಬ್ಬರ ಸಲುವಾಗಿ ಊರು ನಾಲ್ಕು ತಿಂಗಳು ಕಚ್ಚಾಡಿತ್ತು. ಈಗ ಅತ್ತ ಯಾರೂ ಕಣ್ಣು ಹಾಯಿಸಲಿಲ್ಲ. ಎಲ್ಲರ ಕಣ್ಣು ನೆಟ್ಟಿದ್ದು ಕಟ್ಟಕಡೆಯ ಸಾಲಿನ ಮೇಲೆ, ಅದೇ ಮತಪತ್ರದಲ್ಲಿ ಊರವರನ್ನು ಕೇಳಿದ್ದ ಪ್ರಶ್ನೆಯ ಮೇಲೆ.

‘ಮನೆ ತೆರಿಗೆ ಏರಿಸಿ, ಮುಚ್ಚಿಹೋದ ಗ್ರಂಥಾಲಯವನ್ನು ಮಿಸ್ ಹ್ಯಾಲ್ವರ್ಸನ್ ಹೆಸರಿನಲ್ಲಿ ಹೊಸದಾಗಿ ಕಟ್ಟಬೇಕೆ? ಬೇಕು: 143. ಬೇಡ: 1.’

ಮಿಸ್ ಹ್ಯಾಲ್ವರ್ಸನ್ ಅಂದರೆ ಊರಿನ ಮೂರು ತಲೆಮಾರಿಗೆ ಅಕ್ಷರ ಕಲಿಸಿದಾಕೆ. ಎಂಬತ್ತೆಂಟು ವರ್ಷ. ಮದುವೆಯಾಗಲಿಲ್ಲ, ಊರು ಬಿಡಲಿಲ್ಲ, ಯಾರ ಕಾಗುಣಿತವನ್ನೂ ಕ್ಷಮಿಸಲಿಲ್ಲ. ಆಕೆಯ ಎದುರು ಕೈಯೆತ್ತಿ “ನಮ್ಮ ವೋಟು ಬೇಕು ಅಂತಲೇ ಮಿಸ್” ಎಂದು ಮಾತು ಕೊಡದವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

“ಅರೆ, ಈ ಒಂದು ಯಾರದ್ದಪ್ಪಾ?” ಎಂದ ಆಲ್ವಿನ್. ಕುತೂಹಲಕ್ಕೆ ಕೇಳಿದ್ದು, ಅಷ್ಟೆ. ಆದರೆ ಗುಂಪಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದಾಗ ಅವನ ಕಿವಿ ಕೆಂಪಾಯಿತು. ಅವನ ಕಿವಿಗಳ ಕತೆಯೇ ಹಾಗೆ. ಯಾರಾದರೂ ಟೈಮೆಷ್ಟು ಅಂತ ಕೇಳಿದರೂ ಒಲೆಯ ಮೇಲಿಟ್ಟ ತವದಂತೆ ಕಾಯುತ್ತಿದ್ದವು.

“ಯಾಕೋ ಕಿವಿ ಹಾಗೆ ಕೆಂಪಾಯ್ತು?” ಎಂದ ವೆಂಡೆಲ್ ಸ್ಟಾಲ್. ಕಾಳಿನ ಗೋದಾಮಿನ ಮ್ಯಾನೇಜರ್. ಪಕ್ಕದ ಮನೆಯವನು ಬೇರೆ.

“ಚಳಿ ಕಣೋ.”

“ಚಳಿಗೆ ನನ್ನ ಕಿವಿ ಕೆಂಪಾಗ್ಲಿಲ್ವಲ್ಲ?”

ಅಷ್ಟು ಸಾಕಾಯಿತು. ಆಲ್ವಿನ್ ರಸ್ತೆ ದಾಟಿ ಡಾರ್ಲಾಳ ಹೋಟೆಲು ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಹೋಗಿ ಕುರ್ಚಿ ಎಳೆದುಕೊಂಡು ಕೂತಿತ್ತು.

“ಒಂದು ಕಾಫಿ, ಒಂದು ದಾಲ್ಚಿನ್ನಿ ರೋಲ್ ಕೊಡು ಡಾರ್ಲಾ.”

“ರೋಲ್ ಖಾಲಿ” ಎಂದಳು ಡಾರ್ಲಾ, ಹನ್ನೆರಡು ರೋಲ್ ತುಂಬಿದ್ದ ತಟ್ಟೆಯ ಹಿಂದೆ ನಿಂತು.

“ನೋಡು, ನಾನು ಬೇಕು ಅಂತಲೇ ಹಾಕಿದ್ದು. ನಮ್ಮಮ್ಮನಾಣೆ!”

“ಬೆಳಗ್ಗೆಯಿಂದ ಇಪ್ಪತ್ತು ಜನ ಬಂದ್ರು ಆಲ್ವಿನ್. ಒಬ್ಬರೂ ಆಣೆ ಇಡಲಿಲ್ಲ. ನೀನೊಬ್ಬನೇ ಯಾಕೆ ಇಡ್ತಿದ್ದೀಯ?”

ಆಲ್ವಿನ್ ತಣ್ಣಗಿನ ಕಾಫಿ ಕುಡಿದು ಹೊರಬಿದ್ದ. ಚರ್ಚಿನ ಪಾದ್ರಿ ಎದುರು ಸಿಕ್ಕಿ, ತಪ್ಪೊಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆಂದು ತಾನಾಗಿಯೇ ಹೇಳಿ ಹೋದರು. ಕ್ಷೌರದಂಗಡಿಯವನು ಅವನು ಒಳಗೆ ಕಾಲಿಡುವ ಮೊದಲೇ ‘ಮುಚ್ಚಿದೆ’ ಫಲಕ ತಿರುಗಿಸಿದ, ಕುರ್ಚಿಯಲ್ಲಿ ಅರ್ಧ ತಲೆ ಬೋಳಾದ ಗಿರಾಕಿ ಇದ್ದಾಗಲೇ. ಮನೆಗೆ ಫೋನು ಮಾಡಿದರೆ ಹೆಂಡತಿ ರೋಸೀನ್, “ಹಾಕೋದು ಹಾಕ್ದೆ, ಸುಮ್ಮನಿರೋಕೆ ಏನಾಗಿತ್ತು ನಿನಗೆ?” ಎಂದು ರೇಗಿದಳು.

“ರೋಸೀನ್, ನಾನು ಹಾಕಿಲ್ಲ ಕಣೇ!”

“ಹಾಗಿದ್ರೆ ಇನ್ಯಾರು? ನಾನಾ?” ಎಂದು ಅವಳು ಫೋನು ಕುಕ್ಕಿದಳು. ಅಷ್ಟು ಜೋರಾಗಿ ಕುಕ್ಕುವಂಥದ್ದು ಏನಿತ್ತೋ ಅವನಿಗೆ ತಿಳಿಯಲಿಲ್ಲ.

ಆಲ್ವಿನ್ ಪಿಕಪ್ ಹತ್ತಿ ನಲವತ್ತು ಮೈಲಿ ದೂರದ ಕೌಂಟಿ ಕಚೇರಿಗೆ ಹೋದ. ಚುನಾವಣೆಯ ಕಾಗದಪತ್ರ ನೋಡಿಕೊಳ್ಳುವ ಹುಡುಗಿಯ ಮುಂದೆ ಟೋಪಿ ತೆಗೆದು ನಿಂತ.

“ನನ್ನ ಮತಪತ್ರ ಒಮ್ಮೆ ತೆಗೆದು ತೋರಿಸಮ್ಮ. ಊರವರಿಗೆ ಒಂದು ಸಾಕ್ಷಿ ಬೇಕು.”

“ಸಾರ್, ಅದರ ಮೇಲೆ ಹೆಸರೇ ಇರಲ್ಲ. ಗುಪ್ತ ಮತದಾನ.”

“ನಂದು ಗುರುತು ಸಿಗತ್ತೆ. ಮತಪತ್ರದ ಸೊನ್ನೆಗೆ ಮಸಿ ತುಂಬುವಾಗ ನನ್ನ ಕೈ ಗೆರೆ ದಾಟತ್ತೆ. ಮಿಸ್ ಹ್ಯಾಲ್ವರ್ಸನ್ ಅದಕ್ಕೇ ಎಷ್ಟು ಹೊಡೀತಿದ್ರು ಗೊತ್ತಾ!”

“ಸಾರ್, ಅದನ್ನ ನಾನು ಮುಟ್ಟಿದ್ರೆ ನನ್ನ ಕೆಲಸ ಹೋಗತ್ತೆ.”

ಅವನ ಮುಖ ನೋಡಿ ಆಕೆಗೆ ಕನಿಕರ ಹುಟ್ಟಿತು. “ಒಂದು ಕೆಲಸ ಮಾಡ್ತೀನಿ. ನಿಮ್ಮೂರಿನ ಹಾಳೆಯನ್ನ ಯಂತ್ರದ ಲೆಕ್ಕದ ಜೊತೆ ಇನ್ನೊಮ್ಮೆ ಹೋಲಿಸಿ ನೋಡ್ತೀನಿ. ಎಲ್ಲಿಗೆ ಫೋನ್ ಮಾಡಲಿ?”

“ಡಾರ್ಲಾ ಹೋಟೆಲಿಗೆ ಮಾಡಮ್ಮ. ಎಲ್ಲರೂ ಕೇಳಲಿ.”

ಅವನು ಹಿಂತಿರುಗುವಷ್ಟರಲ್ಲಿ ಮಧ್ಯಾಹ್ನ ಮೂರು. ಹೋಟೆಲಿನಲ್ಲಿ ಮಿಸ್ ಹ್ಯಾಲ್ವರ್ಸನ್‌ಗೆ ಸನ್ಮಾನ ನಡೆದಿತ್ತು. ಊರಿಗೆ ಊರೇ ಕಿಕ್ಕಿರಿದು, ಕೇಕು ಕತ್ತರಿಸಿ, ತಟ್ಟೆ ಹಿಡಿದು ನಿಂತಿತ್ತು. ರೋಸೀನಳೂ ಒಂದು ಮೂಲೆಯಲ್ಲಿದ್ದಳು.

“ಬಂದ ನೋಡಿ” ಎಂದ ವೆಂಡೆಲ್. “ಹಾಕಿದ ವೋಟು ಬದಲಾಯಿಸಿ ಅಂತ ಕೇಳೋಕೆ ಹೋಗಿದ್ದನಂತೆ!”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಿಸ್ ಹ್ಯಾಲ್ವರ್ಸನ್ ಫೋರ್ಕಿನಿಂದ ತಟ್ಟೆ ಬಡಿದರು. ಗಲಾಟೆ ಗಪ್ಪಾಯಿತು. ಕನ್ನಡಕದ ಮೇಲಿಂದ ನೋಡಿ ಕೇಳಿದರು: “ಆಲ್ವಿನ್, ಆ ಒಂದು ನಿನ್ನದಾ?”

ಅರವತ್ತೊಂದು ವರ್ಷದ ಆಲ್ವಿನ್ ಮೂರನೇ ಕ್ಲಾಸಿನ ಹುಡುಗನಂತೆ ಎರಡೂ ಕೈ ಬೆನ್ನ ಹಿಂದೆ ಇಟ್ಟು ನೆಟ್ಟಗೆ ನಿಂತ. ಬೆಳಗ್ಗೆಯಿಂದ ಆ ತಣ್ಣಗಿನ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇನ್ನು ಒಂದು ಗಂಟೆ ಈ ಕಾಟ ತಡೆಯಲು ಅವನಿಂದಾಗದು. ಒಪ್ಪಿಕೊಂಡರೆ ಬೈದು ಬಿಟ್ಟುಬಿಡುತ್ತಾರೆ, ಊರು ಬೇರೆ ಸುದ್ದಿ ಹುಡುಕಿಕೊಳ್ಳುತ್ತದೆ ಎಂದುಕೊಂಡ.

“ಹೌದು ಮಿಸ್. ನಂದೇ.”

ಬೈಗುಳದ ಮಳೆಗೆ ತಲೆ ಕೊಟ್ಟು ಕಾದ. ಒಂದು ಹನಿಯೂ ಬೀಳಲಿಲ್ಲ. ಒಬ್ಬೊಬ್ಬರೂ ಬಾಯಿ ತೆರೆದು ಅವನನ್ನೇ ನೋಡುತ್ತಿದ್ದರು, ಕಳೆದುಹೋದ ಹಸು ಬಾಗಿಲಿಗೆ ಬಂದು ನಿಂತಂತೆ. ಆಮೇಲೆ ಡಾರ್ಲಾ ಬೆಚ್ಚಗಿನ ರೋಲ್ ಎರಡು ತಂದು ಮುಂದಿಟ್ಟಳು. ವೆಂಡೆಲ್ ಭುಜದ ಮೇಲೆ ಕೈ ಹಾಕಿ, “ಹೋಗ್ಲಿ ಬಿಡೋ. ಮನುಷ್ಯ ಅಂದ್ಮೇಲೆ ಇರೋದೇ” ಎಂದ. ಕ್ಷೌರದವನು ಈ ತಿಂಗಳ ಕಟಿಂಗ್ ಪುಕ್ಕಟೆ ಎಂದ. ಪಾದ್ರಿ ಕಣ್ಣೊರೆಸಿಕೊಂಡರು. ಮಿಸ್ ಹ್ಯಾಲ್ವರ್ಸನ್ ಕೂಡ ಅವನ ಕೈ ತಟ್ಟಿ, “ಒಳ್ಳೆಯ ಹುಡುಗ” ಎಂದರು. ಇಷ್ಟೊಂದು ಪ್ರೀತಿ ಸಿಗುತ್ತದೆಂದು ಗೊತ್ತಿದ್ದರೆ ಬೆಳಗ್ಗೆಯೇ ಒಪ್ಪಿಕೊಳ್ಳಬಹುದಿತ್ತಲ್ಲ ಎಂದು ಆಲ್ವಿನ್ ಎರಡನೆಯ ರೋಲಿಗೆ ಬಾಯಿ ಹಾಕಿದ.

ಆಗ ಫೋನು ಬಡಿದುಕೊಂಡಿತು. ಡಾರ್ಲಾ ಎತ್ತಿಕೊಂಡು, ಎಲ್ಲರಿಗೂ ಕೇಳಲೆಂದು ಗುಂಡಿ ಒತ್ತಿದಳು.

“ಕುಚೆರಾ ಸಾರ್ ಇದ್ದಾರಾ? ನೀವು ಹೇಳಿದ್ದು ಒಳ್ಳೇದಾಯ್ತು ಸಾರ್. ಟೈಪ್ ಮಾಡುವಾಗ ನಮ್ಮ ಕಡೆಯಿಂದ ತಪ್ಪಾಗಿದೆ. ಎರಡು ಅಂಕಿ ಅದಲುಬದಲು. ಬೇಕು ಅನ್ನೋದು ಒಂದು. ಬೇಡ ಅನ್ನೋದು ನೂರನಲವತ್ತಮೂರು.”

ಡಾರ್ಲಾ ಫೋನಿಟ್ಟಳು.

“ಅಂದ್ರೆ,” ಎಂದ ವೆಂಡೆಲ್ ಮೆಲ್ಲಗೆ, “ಆ ಒಂದು ‘ಬೇಡ’ ನಂದಲ್ವಾ?”

“ನಿಂದಾ? ನಂದು ಅಂತ ತಿಳಿದೇ ಬೆಳಗ್ಗೆ ಇವನಿಗೆ ರೋಲ್ ಖಾಲಿ ಅಂದಿದ್ದು ನಾನು!” ಎಂದಳು ಡಾರ್ಲಾ.

“ನಂದು ಅಂದುಕೊಂಡಿದ್ದೆ ನಾನು” ಎಂದ ಕ್ಷೌರದವನು. ಪಾದ್ರಿ ಬರೀ ಕೆಮ್ಮಿದರು. ಒಂದು ಕ್ಷಣ ಎಲ್ಲರೂ ಮುಖ ಮುಖ ನೋಡಿಕೊಂಡರು, ಆಮೇಲೆ ಹೋಟೆಲು ಹಾರಿಹೋಗುವಂತೆ ನಕ್ಕರು.

ನಗು ಮುಗಿದ ಮೇಲೆ ವೆಂಡೆಲ್ ಕಣ್ಣೊರೆಸಿಕೊಂಡು ಕೇಳಿದ: “ಹಾಗಾದ್ರೆ ಆ ಒಂದು ‘ಬೇಕು’ ಯಾರದ್ದು? ನಮ್ಮೆಲ್ಲರ ಮನೆ ತೆರಿಗೆ ಏರಿಸೋಕೆ ಹೊರಟ ಮಹಾನುಭಾವ ಯಾರು?”

ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.

“ನಾನು ಬೇಡ ಅಂತ ಒಪ್ಪಿಕೊಂಡೆನಲ್ಲ, ಈಗ ತಾನೇ, ನಿಮ್ಮೆದುರಿಗೇ!” ಎಂದ ಆಲ್ವಿನ್, ಬಾಯಲ್ಲಿ ರೋಲ್ ಇಟ್ಟುಕೊಂಡೇ.

“ಅದು ಸುಳ್ಳು ಅಂತ ನಮಗೆಲ್ಲ ಆಗಲೇ ಗೊತ್ತಿತ್ತು. ಬೇಡ ಅಂದಿದ್ದು ನಾವಲ್ವಾ!” ಎಂದಳು ಡಾರ್ಲಾ. “ಬೆಳಗ್ಗೆ ಅಮ್ಮನಾಣೆ ಇಟ್ಟೆಯಲ್ಲ, ಅದೇ ನಿಜ. ಈಗ ನಂಬ್ತೀನಿ.”

ಆಲ್ವಿನ್ ಹೆಂಡತಿಯ ಕಡೆ ನೋಡಿದ. “ರೋಸೀನ್, ನೀನೂನಾ?” ರೋಸೀನ್ ಕೇಕಿನ ಮೇಲಿನ ಹೂವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದಳು.

ಕೊನೆಗೆ ಅವನು ಮಿಸ್ ಹ್ಯಾಲ್ವರ್ಸನ್ ಮುಂದೆ ಬಗ್ಗಿ ನಿಂತ. “ಮಿಸ್, ನಿಮ್ಮ ಹೆಸರಿನ ಗ್ರಂಥಾಲಯ. ನೀವಾದ್ರೂ ಬೇಕು ಅಂತ ಹಾಕಿರ್ತೀರಲ್ವಾ? ಆ ಒಂದು ನಿಮ್ಮದು ಅಂತ ಇವರಿಗೆ ಹೇಳಿಬಿಡಿ.”

ಮಿಸ್ ಹ್ಯಾಲ್ವರ್ಸನ್ ಫೋರ್ಕು ಕೆಳಗಿಟ್ಟರು.

“ನನಗಿರೋದು ಬರೀ ಪಿಂಚಣಿ, ಆಲ್ವಿನ್. ಇಡೀ ಕ್ಲಾಸು ಒಂದು ಉತ್ತರ ಬರೆದರೆ ನಿನ್ನದೊಂದು ಬೇರೆ. ಆಗಲೂ ಅಷ್ಟೇ, ಈಗಲೂ ಅಷ್ಟೇ. ನಡಿ, ಹೊರಗೆ ಹೋಗಿ ನಿಂತ್ಕೋ.”

ಆಲ್ವಿನ್ ಕುಚೆರಾ ಟೋಪಿ ಎತ್ತಿಕೊಂಡು, ಬಾಗಿಲು ಸದ್ದಾಗದಂತೆ ಮುಚ್ಚಿ, ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.