ಬಿಳಿ ಕುದುರಿ ಮ್ಯಾಲ ಬಂದ ಮುತ್ಯಾ

ಮನಿ ಅಳಿಯ ಆಗಿ ನಿಂತವನಿಗೆ ದಿನಾ ಒಂದಿಲ್ಲೊಂದು ಇರೂದ. ಗೋಕಾಕದಾಗ ಮಾವಾರ ಮನ್ಯಾಗ ನಂದೂ ಹಂಗ ನಡದೈತಿ.

ಕಲ್ಲು

ಮನಿ ಮುಂದಿನ ಗ್ವಾಡಿ ಹೊಸದಾಗಿ ಕಟ್ಟಿಸಿದ್ವಿ. ಬಾಗಲ ಬಾಜೂ ಒಂದು ಕಲ್ಲ ಕೂಡಿಸಿ, ಅದರಾಗ ವಂಶದವರ ಹೆಸರು ಕೆತ್ತಸಬೇಕಂತ ಮಾವಾರಿಗೆ ಆಸೆ. ಮದಲ ಅವರ ಮುತ್ಯಾಂದು, ಆಮ್ಯಾಲ ಅವರಪ್ಪಂದು, ಅವರದು, ಕಡೀಕ ನನ್ನ ಹೆಂಡತಿದು.

"ನಂದರೀ?" ಅಂದೆ.

"ಮನಿ ಅಳಿಯನ ಹೆಸರು ವಂಶದ ಕಲ್ಲಿಗೆ ಹತ್ತಂಗಿಲ್ರಿ, ಅಳಿಯಾರ. ಸಿಟ್ಟಾಗಬ್ಯಾಡ್ರಿ, ಚಾ ಕುಡೀರಿ."

ಇಟ್ಟಂಗಿ ಹೊತ್ತಾಂವ ನಾನು, ಗ್ವಾಡಿಗೆ ನೀರ ಹೊಡದಾಂವ ನಾನು. ಖರೆ ಹೇಳ್ತೀನಿ, ಹೊಟ್ಟಿ ಉರೀತು. ಆದ್ರೂ ಚಾ ಕುಡದೆ.

ಮ್ಯಾಲ ಒಂದು ಕೆಲಸಾನೂ ಹಚ್ಚಿದ್ರು. "ನಮ್ಮ ಮುತ್ಯಾ ಹುಕ್ಕೇರಿಯಿಂದ ಬಿಳಿ ಕುದುರಿ ಮ್ಯಾಲ ಬಂದಾಂವ. ಅವನ ಸುದ್ದಿ ಪೂರ್ತಿ ತಿಳಕೊಂಡ ಬರ್ರಿ. ಅದನೂ ಕೆತ್ತಸೋಣ."

ಕುದುರಿ

ಹುಕ್ಕೇರ್ಯಾಗ ಮುತ್ಯಾನ ಅಣ್ಣನ ಮನಿತನದ ಮುದುಕರೊಬ್ಬರು ಸಿಕ್ಕರು. ಕುದುರಿ ಅಂದಕೂಡ್ಲೆ ನಗಾಕ ಹತ್ತಿದ್ರು.

"ಎಲ್ಲೀ ಕುದುರಿ ತಮ್ಮಾ? ಒದರೂ ಕತ್ತಿ ಮ್ಯಾಲ ಗಂಟ ಹೇರಕೊಂಡ ಹೋದಾಂತ ನಮ್ಮಪ್ಪ ಹೇಳ್ತಿದ್ದ. ಅದೂ ಬಾಜೂ ಮನಿಯವರ ಕತ್ತಿ. ಇನ್ನೂ ತಿರುಗಿ ಕೊಟ್ಟಿಲ್ಲ."

ಮನಿಗೆ ಬಂದು ಅಂಜಕೋತ ಹೇಳಿದೆ. ಮಾವಾರು, "ಬಣ್ಣ ಯಾವದಂತ?" ಅಂದ್ರು.

"ಬಿಳೇದಂತ್ರಿ."

"ಮತ್ತ? ನಾ ಏನ ಹೇಳಿದ್ದೆ?"

ಲಕ್ಷಣ

ಮಾವಾರ ಅಕ್ಕನ್ನ ಮೂಡಲಗಿಗೆ ಕೊಟ್ಟಾರ. ಸಣ್ಣಾಕಿದ್ದಾಗ ಮುತ್ಯಾನ್ನ ನೋಡಿದಾಕಿ. ತವರಮನಿಗೆ ಬಂದಾಗ, ನಾನು ಕಟ್ಟಿ ತುದಿಗೆ ಕುಂತಿದ್ದು ನೋಡಿ ಅಂದ್ಲು:

"ನಮ್ಮ ಮುತ್ಯಾನೂ ಥೇಟ ಹಿಂಗ ಕುಂದರತಿದ್ದ. ರೊಟ್ಟಿ ಬೇಕೇನಂದ್ರ ಬ್ಯಾಡ ಅಂತಿದ್ದ, ಹಾಕಿದ್ರ ತಿಂತಿದ್ದ. ತನ್ನ ಮನ್ಯಾಗ ತಾನ ಯಾಕ ಅಷ್ಟು ನಾಚತಿದ್ದನೋ ಏನೋ."

ಮಾವಾರಿಗೆ ಖುಷಿಯೋ ಖುಷಿ. "ದೊಡ್ಡವರ ಲಕ್ಷಣ ಅದು."

"ನನಗೂ ಅದ ಲಕ್ಷಣ ಐತಂತಲ್ರಿ, ಮಾವಾರ?"

"ನಿಮಗ ಅದು ಸಂಕೋಚ್ರಿ."

ಹೆಳವ

ಕಲ್ಲ ಕೆತ್ತಾಂವ ಉಳಿ ಹಿಡದು ಕುಂತ ದಿನಾನ ನಮ್ಮ ಹೆಳವ ಬಂದ. ಮನಿತನದ ಹಿರೇರ ಸುದ್ದಿ ಬಾಯಿಲೆ ಒಪ್ಪಸಾಂವ. ಅವನಪ್ಪ ಎತ್ತಿನ ಮ್ಯಾಲ ಬರ್ತಿದ್ದ, ಇಂವ ಮೋಟರ್ ಸೈಕಲ್ ಮ್ಯಾಲ ಬರ್ತಾನ. ಮಾವಾರು ಓಣಿ ಮಂದಿನ್ನೆಲ್ಲಾ ಕರದು ಕುಂದ್ರಿಸಿದ್ರು. ಹೆಳವ ಚಾಲೂ ಮಾಡಿದ:

"ಈ ಮನ್ಯಾಗ ಗಂಡ ಮಕ್ಕಳಿಲ್ಲಂತ, ಇದ್ದೊಬ್ಬ ಮಗಳನ್ನ ಮಾಡಿಕೊಂಡು, ಹುಕ್ಕೇರಿಯಿಂದ ಬಂದು ಮನಿ ಅಳಿಯಾಗಿ ನಿಂತಾಂವ ನಿಮ್ಮ ಮುತ್ಯಾ..."

ಓಣಿ ಮಂದಿ ಮಾವಾರನ್ನ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ನಾನು ಮಾತ್ರ ನೆಲಾ ನೋಡಕೋತ ಕುಂತೆ. ತಲಿ ಎತ್ತಿದ್ರ ನಗು ಬರ್ತಿತ್ತು.

ನನ್ನ ಹೆಂಡತಿ ಹೊರಗ ಬಂದ್ಲು. "ಅಪ್ಪಾ, ಮನಿ ಅಳಿಯನ ಹೆಸರು ಕಲ್ಲಿಗೆ ಹತ್ತಂಗಿಲ್ಲ ಅಂದಿದ್ದಿಲ್ಲ? ಹಂಗಾದ್ರ ಮುತ್ಯಾಂದು ಬಿಡು."

"ಮುತ್ಯಾಂದ ಇಲ್ಲದ ಹೆಂಗವಾ?"

"ಹಂಗಾದ್ರ ಇವರದೂ ಇರಲಿ."

ಮಾವಾರು ಪಟಗಾ ತಗದು ತಲಿ ತುರಿಸಿಕೊಂಡ್ರು. ನನ್ನ ನೋಡಿದ್ರು, ಕಲ್ಲ ನೋಡಿದ್ರು. ಕಡೀಕ ಕಲ್ಲ ಕೆತ್ತಾಂವನ ಕಿವ್ಯಾಗ ಹೇಳಿದ್ದು ಇಡೀ ಓಣಿಗೆ ಕೇಳಿಸ್ತು:

"ಅಳಿಯಾರದೂ ಕೆತ್ತಪಾ. ಆದ್ರ ಅಕ್ಷರ ಒಂದ ಚೂರು ಸಣ್ಣವು ಇರಲಿ. ಇವರು ಬಸ್ಸಿನ್ಯಾಗ ಬಂದವರು. ನಮ್ಮ ಮುತ್ಯಾ ಬಿಳಿ ಕುದುರಿ ಮ್ಯಾಲ ಬಂದಾಂವ."