ನಲವತ್ತು ಗುಲಾಬಿಗೆ ನಲವತ್ತು ಹೆಸರು

ಮೇಲಧಿಕಾರಿಗಳು ಬರುವ ದಿನ ಬೆಳಿಗ್ಗೆ ಏಳು ಗಂಟೆಗೆ ತೋಟದ ಮಾಲಿ ‘ಟೆಂಪ್ರವರಿ’ಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಅವನ ಬಾಳಿನ ಎಡವಟ್ಟುಗಳೆಲ್ಲ ಶುರುವಾಗುತ್ತಿದ್ದುದೇ ಹೀಗೆ. ಗುಲಾಬಿ ಪಾತಿಯಲ್ಲಿ ನಲವತ್ತು ಜಾತಿಯ ನಲವತ್ತು ಗಿಡ, ಪ್ರತಿ ಗಿಡದ ಬುಡಕ್ಕೂ ಹೆಸರು ಬರೆದ ಒಂದು ಪುಟ್ಟ ಮರದ ಹಲಗೆ. ಹಲಗೆಗಳಿಗೆಲ್ಲ ಕೆಸರು ಮೆತ್ತಿತ್ತು. ತೊಳೆದಿಟ್ಟರೆ ಸಾಹೇಬರ ಕಣ್ಣಿಗೆ ಚೆನ್ನ ಎಂದುಕೊಂಡು ನಲವತ್ತನ್ನೂ ಕಿತ್ತು, ಸೋಪಿನ ನೀರಿನ ಬಕೆಟ್ಟಿಗೆ ಹಾಕಿ ಟೀ ಕುಡಿಯಲು ಹೋದ.

ಬಂದು ನೋಡಿದರೆ ಕೆಸರು ಹೋಗಿತ್ತು. ಅಕ್ಷರವೂ ಹೋಗಿತ್ತು.

ಹೂವಿದ್ದಿದ್ದರೆ ಗಿಡ ಗುರುತಿಸುವುದು ಕಷ್ಟವಿರಲಿಲ್ಲ. ಆದರೆ ವಾರದ ಹಿಂದೆ ಅವನೇ ಉತ್ಸಾಹದಿಂದ ನಲವತ್ತೂ ಗಿಡಗಳನ್ನು ಮೊಣಕಾಲೆತ್ತರಕ್ಕೆ ಸವರಿ ಬಿಟ್ಟಿದ್ದ. ಈಗ ಅಲ್ಲಿ ಇದ್ದದ್ದು ನಲವತ್ತು ಮುಳ್ಳಿನ ಕಡ್ಡಿ ಮಾತ್ರ.

ಮೂರು ವರ್ಷದಿಂದ ಈ ಸರ್ಕಾರಿ ತೋಟದಲ್ಲಿ ಅವನು ತಾತ್ಕಾಲಿಕ ಮಾಲಿ. ಅದಕ್ಕೇ ಎಲ್ಲರ ಬಾಯಲ್ಲಿ ಟೆಂಪ್ರವರಿ. ಅದಕ್ಕೂ ಮೊದಲು ಕ್ಷೌರದಂಗಡಿಯಲ್ಲಿ ಕತ್ತರಿ ಆಡಿಸುತ್ತಿದ್ದ. ತಲೆಗಳನ್ನು ಬೇಲಿ ಸವರಿದ ಹಾಗೆ ಸವರುತ್ತಾನೆಂದು ಓಡಿಸಿದರು. ದರ್ಜಿಯ ಹತ್ತಿರ ಸೇರಿ ಗುಂಡಿ ಹಾಕಿದ. ಔಷಧದಂಗಡಿ ಸೇರಿ ಕೆಮ್ಮಿನವರಿಗೆ ಹೊಟ್ಟೆನೋವಿನ ಔಷಧ ಕೊಟ್ಟ. ಕೊನೆಗೆ ಬೋರ್ಡು ಬರೆಯುವ ಕೆಲಸ ಹಿಡಿದು, ‘ಹೂ ಕೀಳಬಾರದು’ ಎಂದು ಬರೆಯಲು ಇದೇ ತೋಟಕ್ಕೆ ಬಂದ. ಅಲ್ಲೇ ಪಕ್ಕದಲ್ಲಿ ಹಿರಿಯ ಮಾಲಿ ಗುಲಾಬಿಗೆ ಕಣ್ಣು ಕಸಿ ಮಾಡುತ್ತಿದ್ದರು. ಒಂದು ಗಿಡದ ಮೊಗ್ಗು ಇನ್ನೊಂದರ ತೊಗಟೆಯೊಳಗೆ ಕೂತದ್ದನ್ನು ನೋಡುತ್ತ ನಿಂತವನು ಕುಂಚ ಕೆಳಗಿಟ್ಟ. ಬೋರ್ಡಿನಲ್ಲಿ ಅಷ್ಟುಹೊತ್ತಿಗೆ ‘ಹೂ ಕೀಳ’ ತನಕ ಬರೆದಾಗಿತ್ತು. ಉಳಿದದ್ದನ್ನು ಬೇರೆಯವರು ಬಂದು ಬರೆಯಬೇಕಾಯಿತು.

ಅಂದಿನಿಂದ ಅವನಿಗೆ ಮಣ್ಣು ಬಿಟ್ಟರೆ ಬೇರೆ ಲೋಕವಿಲ್ಲ. ಅಂಚೆಯ ಮೂಲಕ ತೋಟಗಾರಿಕೆಯ ಪಾಠ ಓದಿ ಸರ್ಟಿಫಿಕೇಟನ್ನೂ ಗಿಟ್ಟಿಸಿದ್ದ. ಇವತ್ತು ಸಾಹೇಬರು ಒಪ್ಪಿದರೆ ಕೆಲಸ ಕಾಯಂ. ಒಪ್ಪದಿದ್ದರೆ ನೇರವಾಗಿ ಮಾವನ ಕಬ್ಬಿಣದಂಗಡಿ. ತುಕ್ಕು ಬಿಟ್ಟರೆ ಬೇರೇನೂ ಬೆಳೆಯದ ಆ ಜಾಗವನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಮೊದಲು ಓಡಿ ಬಂದದ್ದು ಕಚೇರಿಯ ಗುಮಾಸ್ತೆ. ಕೈಯಲ್ಲಿ ದಪ್ಪ ರಿಜಿಸ್ಟರು.

“ಗಾಬರಿ ಆಗ್ಬೇಡಿ. ನಲವತ್ತೂ ಹೆಸರು ಇದರಲ್ಲಿದೆ.”

“ಯಾವ ಗಿಡ ಯಾವುದು ಅಂತಾನೂ ಇದೆಯಾ ಅಕ್ಕ?”

“ಅದು ಗಿಡದ ಹತ್ರ ಹಲಗೇಲಿರುತ್ತೆ, ನೋಡ್ಕೊಳ್ಳಿ ಅಂತ ಬರೆದಿದೆ.”

ಟೆಂಪ್ರವರಿ ತಲೆ ಮೇಲೆ ಕೈ ಹೊತ್ತು ಕುಳಿತ. ಆದರೆ ಕುಳಿತು ಅಳಲು ಸಮಯವೆಲ್ಲಿ? ಹನ್ನೊಂದಕ್ಕೆ ಸಾಹೇಬರು. ಉಗ್ರಾಣದಿಂದ ಕಪ್ಪು ಬಣ್ಣ ತಂದು, ಹಲಗೆ ಒರೆಸಿ, ಮೂರು ವರ್ಷ ಮುಟ್ಟದ ಕುಂಚ ಹಿಡಿದು ಬರೆಯತೊಡಗಿದ. ಸಂಜೆ ರಾಣಿ. ಹಳದಿ ಹಮ್ಮೀರ. ಕೆಂಪು ಕರವಸ್ತ್ರ. ಅಕ್ಷರ ಮಾತ್ರ ಒಂದೂ ಸೊಟ್ಟಗಾಗಲಿಲ್ಲ.

ಬರೆದದ್ದನ್ನು ಎಲ್ಲಿ ನೆಡುವುದು ಎಂಬುದಕ್ಕೆ ಸಲಹೆಗಳ ಸುರಿಮಳೆಯಾಯಿತು. ಗುಮಾಸ್ತೆ, “ಅಕಾರಾದಿಯಾಗಿ ಇಟ್ಬಿಡಿ, ಫೈಲಿನ ಹಾಗೆ,” ಎಂದರು. ಕಾವಲುಗಾರ, “ರಾಜ, ರಾಣಿ ಅಂತಿರೋದೆಲ್ಲ ಮುಂದಿನ ಸಾಲಿಗೆ ಹಾಕಪ್ಪ. ಬಡಪಾಯಿಗಳು ಹಿಂದೆ ಇರ್ಲಿ,” ಎಂದ. ಇಬ್ಬರೂ ಮಾತಿಗೆ ಮಾತು ಬೆಳೆಸುತ್ತ ಹಲಗೆಗಳನ್ನು ತಮ್ಮತಮ್ಮ ಪದ್ಧತಿಯಲ್ಲಿ ನೆಡತೊಡಗಿದರು. ಹೀಗಾಗಿ ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ಕಿತ್ತರು.

ಹಿರಿಯ ಮಾಲಿ ನಿಧಾನವಾಗಿ ಬಂದು ಒಂದು ಕಡ್ಡಿಯನ್ನು ಮೂಸಿದರು.

“ಏನು ಗೊತ್ತಾಯ್ತು ದೊಡ್ಡಪ್ಪ?”

“ನೆಗಡಿ ಆಗಿದೆ ಕಣೋ ನಂಗೆ,” ಎಂದು ಅವರು ಮೂಗು ಒರೆಸಿಕೊಂಡು ಬೆಂಚಿನ ಮೇಲೆ ಕುಳಿತರು.

ಇಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಇಳಿದವರು ಮಾವ. ತಲೆ ಮೇಲೊಂದು ಹೆಲ್ಮೆಟ್, ಕೈಯಲ್ಲಿ ಇನ್ನೊಂದು.

“ಎರಡನೇದು ಯಾರಿಗೆ ಮಾವ?”

“ನಿಮಗೇ ಅಳಿಯಂದ್ರೆ. ಹೇಗೂ ವಾಪಸ್ ಹೋಗ್ವಾಗ ಒಟ್ಟಿಗೆ ಹೋಗೋದಲ್ವಾ?” ಮಾವ ಪಾತಿಯ ಕಡೆ ಕಣ್ಣು ಹಾಯಿಸಿದರು. “ಇದಕ್ಕಾ ಸರ್ಟಿಫಿಕೇಟು? ನಮ್ಮಂಗಡೀಲೂ ಇಂಥವೇ ಸರಳು ಸಾಲಾಗಿ ನಿಲ್ಸಿದೀನಿ. ನೀರೂ ಹಾಕ್ಬೇಕಾಗಿಲ್ಲ.”

ಹನ್ನೊಂದಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಸಾಹೇಬರ ಕಾರು ಬಂದುಬಿಟ್ಟಿತು. ಟೆಂಪ್ರವರಿ ಉಳಿದ ಹಲಗೆಗಳನ್ನು ಸಿಕ್ಕಸಿಕ್ಕಲ್ಲಿ ಚುಚ್ಚಿ ಕೈಕಟ್ಟಿ ನಿಂತ.

ಸಾಹೇಬರು ಮೊದಲ ಗಿಡದ ಮುಂದೆ ಬಗ್ಗಿ ಹಲಗೆ ಓದಿದರು. “ಓಹೋ, ಸಂಜೆ ರಾಣಿ! ಮುಳ್ಳಿನ ಬಾಗು ನೋಡಿದ್ರೇ ಗೊತ್ತಾಗುತ್ತೆ.”

ಬೆಂಚಿನ ಮೇಲೆ ಹಿರಿಯ ಮಾಲಿಗೆ ಕೆಮ್ಮು ಬಂತು. ಸಾಹೇಬರು ಎರಡನೆಯದಕ್ಕೆ ನಡೆದರು. “ಹಳದಿ ಹಮ್ಮೀರ. ತೊಗಟೇಲೇ ಹಳದಿ ಛಾಯೆ ಇದೆ ಅಲ್ವಾ?”

“ಇದೆ ಸಾರ್,” ಎಂದು ಕಾವಲುಗಾರ ಎಲ್ಲರಿಗಿಂತ ಮೊದಲು ಹೇಳಿದ. ಟೆಂಪ್ರವರಿಗೆ ಉಸಿರು ಬಂದ ಹಾಗಾಯಿತು. ಇನ್ನು ಮೂವತ್ತೆಂಟು ದಾಟಿದರೆ ಗೆದ್ದೆ ಎಂದುಕೊಂಡ.

ಹನ್ನೆರಡನೆಯ ಗಿಡದ ಬಳಿ ಸಾಹೇಬರು ನಿಂತುಬಿಟ್ಟರು. ಕುಕ್ಕರಗಾಲಲ್ಲಿ ಕೂತು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಹಲಗೆಯನ್ನೇ ದಿಟ್ಟಿಸಿದರು.

“ಇದನ್ನ ಮಾಡಿದ್ದು ಯಾರು?”

ಗುಮಾಸ್ತೆ ರಿಜಿಸ್ಟರಿನೊಳಗೆ ಮುಖ ಮುಚ್ಚಿಕೊಂಡರು. ಕಾವಲುಗಾರನಿಗೆ ಗೇಟಿನಲ್ಲಿ ತುರ್ತು ಕೆಲಸ ನೆನಪಾಯಿತು. ಮಾವ ಎರಡನೇ ಹೆಲ್ಮೆಟ್ಟಿನ ಪಟ್ಟಿ ಸಡಿಲಿಸತೊಡಗಿದರು.

“ನಾನೇ ಸಾರ್. ತಪ್ಪಾಯ್ತು ಸಾರ್.”

“ತಪ್ಪಾ? ಏನು ಅಕ್ಷರ ಮಾರಾಯ್ರೆ ಇದು! ಅಚ್ಚು ಹೊಡೆದ ಹಾಗಿದೆ. ನಮ್ಮ ಇಲಾಖೇಲಿ ಇಷ್ಟೊಂದು ತೋಟ, ಒಂದರಲ್ಲಾದ್ರೂ ಹೆಸರು ಓದೋಕಾಗುತ್ತಾ? ನಾನು ಎಷ್ಟು ವರ್ಷದಿಂದ ಹುಡುಕ್ತಿದೀನಿ ಇಂಥವರನ್ನ!” ಸಾಹೇಬರು ಅಲ್ಲೇ ಕಾಗದ ತರಿಸಿ, ರಿಜಿಸ್ಟರಿನ ಮೇಲಿಟ್ಟು ಸಹಿ ಹಾಕಿದರು. “ಇವತ್ತಿಂದ ನೀವು ಕಾಯಂ.”

ಟೆಂಪ್ರವರಿಯ ಕಣ್ಣಲ್ಲಿ ನೀರೇ ಬಂತು. ಮಾವನ ಮುಖ ಇಳಿದುಹೋಯಿತು. ಅಳಿಯ ಅವರ ಕಡೆ ತಿರುಗಿ ಹಲ್ಲು ಕಿರಿದ.

“ಹುದ್ದೆ ಫಲಕ ಬರಹಗಾರರದ್ದು,” ಎಂದರು ಸಾಹೇಬರು. “ಎಲ್ಲ ತೋಟದ ಹೆಸರೂ ನೀವೇ ಬರೀಬೇಕು. ನಿವೃತ್ತಿ ಆಗೋ ತನಕ ಪುರುಸೊತ್ತಿಲ್ಲದಷ್ಟು ಕೆಲಸ ಇದೆ.”

“ಮತ್ತೆ ಗಿಡ ಸಾರ್?”

“ಗಿಡ ಯಾರು ಬೇಕಾದ್ರೂ ನೋಡ್ಕೋತಾರೆ. ಆದ್ರೆ ಈ ಮರದ ಹಲಗೆ ಬೇಡ, ಗೆದ್ದಲು ಹಿಡಿಯುತ್ತೆ. ಕಬ್ಬಿಣದ ತಗಡಲ್ಲೇ ಬರೀಬೇಕು. ಈ ಊರಲ್ಲಿ ಒಳ್ಳೆ ತಗಡು ಎಲ್ಲಿ ಸಿಗುತ್ತೆ?”

ಮಾವ ಎರಡೇ ಹೆಜ್ಜೆಯಲ್ಲಿ ಪಾತಿ ದಾಟಿ ಮುಂದೆ ಬಂದರು. “ನಮ್ಮಲ್ಲೇ ಇದೆ ಸಾರ್. ಅಂಗಡಿ ಹಿಂದುಗಡೆ ಒಂದು ಕೋಣೇನೂ ಖಾಲಿ ಇದೆ. ತಗಡು ಹೊತ್ಕೊಂಡು ಓಡಾಡೋದ್ಯಾಕೆ? ಅಲ್ಲೇ ಕೂತು ಬರೀಲಿ.”

“ಭೇಷ್! ಹಾಗಾದ್ರೆ ಕೆಲಸದ ಜಾಗ ಅಂತ ಅದನ್ನೇ ಬರೀತೀನಿ.”

ಟೆಂಪ್ರವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇನ್ನು ಉಳಿದದ್ದು ಒಂದೇ ದಾರಿ. ಅವನು ಸಾಹೇಬರ ಪೆನ್ನಿಗೆ ಅಡ್ಡಬಂದು ಕೂಗಿದ: “ಸಾರ್, ನನ್ನನ್ನ ನಂಬ್ಬೇಡಿ! ಈ ನಲವತ್ತು ಹೆಸರೂ ಅದಲು ಬದಲು! ಯಾವ ಗಿಡ ಯಾವುದು ಅಂತ ನನಗೆ ಗೊತ್ತೇ ಇಲ್ಲ!”

ಸಾಹೇಬರು ಅವನ ಬೆನ್ನು ತಟ್ಟಿ, ಮಾವನ ಕಡೆ ತಿರುಗಿದರು.

“ಎಂಥ ಪ್ರಾಮಾಣಿಕ ಮನುಷ್ಯ! ಯಜಮಾನ್ರೇ, ಇನ್ನೊಂದು ನಲವತ್ತು ತಗಡು ಜಾಸ್ತಿ ಕತ್ತರಿಸಿಡಿ. ಹೂ ಬಿಟ್ಟ ಮೇಲೆ ಇಷ್ಟನ್ನೂ ಇವರ ಕೈಲೇ ಮತ್ತೆ ಬರೆಸೋಣ.”